ಮೆರೂನ್ ದಾರ

ಸಂಡೂರಿಗೆ ಹೋಗಿ ಬಂದ ದಿನ ನಮ್ಮ ಕಡೆಯವರ ಉಗುಳು ಕೆಂಪಗಿರುತ್ತದೆ. ಅದಿರಿನ ಲಾರಿಗಳ ಹಿಂದೆ ಬಸ್ಸಿನಲ್ಲಿ ಕೂತು ಬಂದವರು ಮನೆಗೆ ಬಂದು ಬಾಯಿ ಮುಕ್ಕಳಿಸಿದರೆ ಬಚ್ಚಲಲ್ಲಿ ಕೆಂಪು ನೀರು ಹರಿಯುತ್ತದೆ. ಯಾರೂ ಅದಕ್ಕೆ ಗಾಬರಿಯಾಗುವುದಿಲ್ಲ. ಸಂಡೂರು ನನ್ನ ಗಂಡನ ಊರು. ನಾದಿನಿಯ ಬಸುರಿ ಮಗಳ ಕುಬುಸದ ಕಾರ್ಯ ಮುಗಿಸಿ ಹೊಸಪೇಟೆಗೆ ಮರಳಿದ ಸಂಜೆ ನನ್ನ ಬಾಯಿಂದ ಕೆಂಪು ಬಂದಾಗ ನಾನೂ ಧೂಳು ಅಂದುಕೊಂಡೆ. ಮರುದಿನ ಬೆಳಿಗ್ಗೆಯೂ ಬಂತು. ನಿನ್ನೆಯದು ಇನ್ನೂ ಹೋಗಿಲ್ಲ ಅಂದುಕೊಂಡೆ. ವಾರ ಕಳೆದರೂ ಬರುತ್ತಲೇ ಇತ್ತು. ಅಷ್ಟು ದಿನ ಬಾಯಲ್ಲಿ ಉಳಿಯುವ ಧೂಳು ಸಂಡೂರಿನಲ್ಲೂ ಇಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ ಇನ್ನಷ್ಟು ದಿನ ಅದನ್ನು ಧೂಳು ಎಂದೇ ಕರೆದೆ.

ನಾನು ಹೊಲಿಗೆಯವಳು. ಹೊಸಪೇಟೆಯಲ್ಲಿ ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು ಬ್ಲೌಸು ಹೊಲಿಯುತ್ತೇನೆ. ನಮ್ಮನೆಯವರು ಪಂಪಾಪತಿ, ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಕೆಲಸ, ಶಿಫ್ಟು ತಿರುಗುತ್ತಿರುತ್ತದೆ. ನನ್ನ ಎಡಗಡೆಯ ಕೆಳದವಡೆಯಲ್ಲಿ ಒಂದು ದೊಡ್ಡ ಹಲ್ಲು ಹುಳುಕು ಹಿಡಿದು, ಅದನ್ನು ಕೀಳಿಸಿ ಬಹಳ ವರ್ಷವಾಗಿತ್ತು. ಅಷ್ಟು ವರ್ಷ ಜೋಳದ ರೊಟ್ಟಿಯನ್ನು ಬಲಗಡೆ ಒಂದರಲ್ಲೇ ಅಗಿದೆ. ಮಗಳು ಕೆಲಸಕ್ಕೆ ಸೇರಿದ ಮೇಲೆ, ‘ಅಮ್ಮ, ಸ್ಕ್ರೂ ಹಲ್ಲು ಹಾಕಿಸ್ಕೋ’ ಎಂದು ಬೆನ್ನು ಬಿದ್ದಳು. ಹಾಕಿಸಿಕೊಂಡೆ.

ಸ್ಕ್ರೂ ಹಲ್ಲು ಎಂದರೆ ದವಡೆಯ ಎಲುಬಿಗೆ ಒಂದು ಸ್ಕ್ರೂ ಕೂರಿಸಿ, ಅದು ಗಟ್ಟಿಯಾದ ಮೇಲೆ ಅದರ ಮೇಲೆ ಹಲ್ಲು ತೊಡಿಸುವುದು. ಮೊದಲ ಡಾಕ್ಟರು ಚಿಕ್ಕ ವಯಸ್ಸಿನವರು, ಕೈ ಮೆತ್ತಗೆ, ಮಾತೂ ಮೆತ್ತಗೆ. ಎಲುಬಿಗೆ ಕೈ ಹಾಕುವಾಗ ಎಷ್ಟು ಹೆದರಿದ್ದೆನೋ ಅಷ್ಟು ನೋವೇನೂ ಆಗಲಿಲ್ಲ. ಕೊನೆಗೆ ಹಲ್ಲು ಬಂದ ದಿನ ಅದನ್ನು ಕೂರಿಸಿ ಟ್ರಯಲ್ ನೋಡಿದರು. ಟ್ರಯಲ್ ಎಂಬ ಮಾತು ಕೇಳಿದ್ದೇ ನನಗೆ ಧೈರ್ಯ ಬಂದುಬಿಟ್ಟಿತು, ಅದು ನನ್ನ ಕಸುಬಿನ ಮಾತಲ್ಲವೇ. ನಾಲಿಗೆ ಆಡಿಸಿ ನೋಡಿದೆ. ಹಲ್ಲಿನ ಎರಡೂ ಬದಿ ಒಸಡಿನ ಹತ್ತಿರ ಸಣ್ಣ ಸಂದು.

“ಡಾಕ್ಟ್ರೇ, ಸಂದು ಬಿಡಬ್ಯಾಡ್ರಿ. ರೊಟ್ಟಿ ಸಿಕ್ಕೊಂತೈತಿ. ತುಂಬಿ ಕೊಡ್ರಿ,” ಎಂದೆ.

ಸ್ವಲ್ಪ ಜಾಗ ಇದ್ದರೆ ಸ್ವಚ್ಛ ಮಾಡಲು ಅನುಕೂಲ ಎಂದು ಅವರು ಹೇಳಿದರು. ನಾನು ಪಟ್ಟು ಬಿಡಲಿಲ್ಲ. ಅವರಿಗೂ ಸಾಕಾಗಿರಬೇಕು, ಲ್ಯಾಬಿಗೆ ವಾಪಸು ಕಳಿಸಿ ಮೈ ತುಂಬಿಸಿ ತರಿಸಿದರು. ಎರಡನೇ ಸಲ ಹಾಕಿದಾಗ ಒಂದು ಎಳೆಯಷ್ಟೂ ಸಂದಿರಲಿಲ್ಲ. ಒಸಡನ್ನು ಒತ್ತಿಕೊಂಡು ದುಂಡಗೆ ಕೂತಿತ್ತು. ಅವತ್ತು ಮನೆಗೆ ಬಂದು ಶೇಂಗಾ ಚಟ್ನಿ ಹಚ್ಚಿಕೊಂಡು ಎರಡು ರೊಟ್ಟಿಯನ್ನು ಎಡಗಡೆಯೇ ಅಗಿದು ತಿಂದೆ. ಎಷ್ಟು ಖುಷಿಯಾಗಿತ್ತೆಂದರೆ ನಮ್ಮನೆಯವರು ಬಾಯಿ ಬಿಟ್ಟು ನನ್ನನ್ನೇ ನೋಡುತ್ತಾ ಕೂತಿದ್ದರು.

ಅದಾಗಿ ಒಂದು ವರ್ಷದ ಒಳಗೇ ಕೆಂಪು ಶುರುವಾಯಿತು.

ಇಲ್ಲಿ ನನ್ನ ಅಣ್ಣನ ವಿಷಯ ಹೇಳಬೇಕು. ಇಲ್ಲದಿದ್ದರೆ ಒಂದು ಹಲ್ಲಿನ ರಕ್ತಕ್ಕೆ ಈ ಹೆಂಗಸು ಇಷ್ಟೇಕೆ ನಡುಗಿದಳು ಅನ್ನಿಸುತ್ತದೆ. ಅಣ್ಣ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನೋಡಿಕೊಳ್ಳುತ್ತಿದ್ದ. ಗುಟ್ಕಾ ಹಾಕುತ್ತಿದ್ದ. ಮೊದಲು ಒಸಡಿನಲ್ಲಿ ರಕ್ತ ಬಂತು, ಆಮೇಲೆ ಕೆನ್ನೆಯ ಒಳಗೆ ಹುಣ್ಣು, ಆಮೇಲೆ ಬಾಯಿ ಬಿಡಲು ಆಗದಾಯಿತು. ಕೊನೆಕೊನೆಗೆ ಮೂಗಿನ ನಳಿಕೆಯಲ್ಲಿ ಗಂಜಿ. ಗಿರಣಿಯ ಸದ್ದಿನ ಮೇಲೂ ಕೇಳುವಂತೆ ಕೂಗುತ್ತಿದ್ದವನು ಸನ್ನೆ ಮಾಡಿ ನೀರು ಕೇಳುವ ಹಾಗಾದ. ಆ ಕಾಯಿಲೆಯ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಲ್ಲಿ ಆಡಲಿಲ್ಲ. ‘ಆ ಬ್ಯಾನಿ’ ಎನ್ನುತ್ತಿದ್ದೆವು. ಬೇನೆ ಎಂದರೆ ಎಲ್ಲ ಬೇನೆಯೂ ಆಯಿತು, ‘ಆ’ ಎಂದು ಸೇರಿಸಿದರೆ ಅದೊಂದೇ. ಹೆಸರು ಹಿಡಿದರೆ ಬಂದುಬಿಡುತ್ತದೆ ಎಂಬಂತೆ ನಡೆದುಕೊಂಡೆವು. ಅಣ್ಣ ಹೋದ ಮೇಲೂ, ಹೋದದ್ದು ಏತರಿಂದ ಎಂದು ಯಾರಾದರೂ ಕೇಳಿದರೆ ‘ಆರಾಮಿರಲಿಲ್ಲ’ ಅನ್ನುತ್ತಿದ್ದೆವು.

ನಾನು ಗುಟ್ಕಾ ಹಾಕಿದವಳಲ್ಲ. ಹಬ್ಬಕ್ಕೊಮ್ಮೆ ಮದುವೆಗೊಮ್ಮೆ ಎಲೆ ಅಡಿಕೆ, ಅಷ್ಟೇ. ಆದರೆ ಹೆದರಿಕೆಗೆ ಲೆಕ್ಕಾಚಾರ ಬೇಕಿಲ್ಲ. ಒಂದೇ ತಾಯಿಯ ಮಕ್ಕಳು, ಅವನಿಗೂ ಒಸಡಿನಿಂದಲೇ ಶುರುವಾಗಿದ್ದು, ಅಷ್ಟು ಸಾಕಾಗಿತ್ತು.

ಮೊದಲ ಡಾಕ್ಟರು ಹಲ್ಲು ಹಾಕಿದ ದಿನವೇ ಒಂದು ಬಗೆಯ ದಾರ ತೋರಿಸಿ, ದಿನಾ ಹಲ್ಲಿನ ಬದಿಗೆ ಎಳೆದು ಸ್ವಚ್ಛ ಮಾಡಿಕೊಳ್ಳಿ ಎಂದಿದ್ದರು. ಅದು ಒಳಗೆ ಹೋಗುತ್ತಲೇ ಇರಲಿಲ್ಲ, ಹೋದರೆ ಹಿಂಜಿ ಹಿಂಜಿ ಬರುತ್ತಿತ್ತು. ಅಂಗಡಿ ತುಂಬ ದಾರ ಇಟ್ಟುಕೊಂಡವಳು ದಾರಕ್ಕೆ ಅಳುತ್ತಾಳೆಯೇ. ಬ್ಲೌಸಿಗೆ ಹಾಕುವ ಗಟ್ಟಿ ದಾರವನ್ನು ಎರಡೆಳೆ ಮಾಡಿ ಸೆಣಸಿ ಎಳೆದೆ. ಬಿಳಿ ದಾರ ಹೋಯಿತು, ಕೆಂಪು ದಾರ ಬಂತು. ಮರುದಿನವೂ ಹಾಗೆಯೇ. ಮೂಗಿನ ಹತ್ತಿರ ತಂದರೆ ವಾಸನೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ದಾರದ ಸ್ಟ್ಯಾಂಡಿನ ಮುಂದೆ ನಿಂತು ಮೆರೂನ್ ಉಂಡೆ ತೆಗೆದುಕೊಂಡೆ. ಮೆರೂನಿನಲ್ಲಿ ಏನೂ ಕಾಣುವುದಿಲ್ಲ. ಅದಾದ ಮೇಲೆ ದಿನಾ ಮೆರೂನ್ ದಾರವೇ.

ಇದನ್ನು ಓದಿ ನಗುವವರು ನಗಲಿ. ಹೆದರಿದವರಿಗೆ ಇದು ಅರ್ಥವಾಗುತ್ತದೆ ಎಂದೇ ಬರೆಯುತ್ತಿದ್ದೇನೆ.

ಒಮ್ಮೆ ಆ ಡಾಕ್ಟರ ಹತ್ತಿರ ಹೋದೆ. ನನ್ನ ಸರದಿ ಬರುವ ಹೊತ್ತಿಗೆ ಹೊರಗೆ ಬಹಳ ಜನ ಕಾಯುತ್ತಿದ್ದರು. ಅವರು ಬಾಯೊಳಗೆ ನೋಡಿ, ಕ್ಲೀನಿಂಗ್ ಸಾಲದು, ಸರಿಯಾಗಿ ಬ್ರಷ್ ಮಾಡಿ ಎಂದು ಮುಕ್ಕಳಿಸುವ ಔಷಧಿ ಬರೆದುಕೊಟ್ಟರು. ದಿನಕ್ಕೆರಡು ಸಲ ಉಜ್ಜುವವಳಿಗೆ ಉಜ್ಜಿಲ್ಲ ಎಂದರೆ ಸಿಟ್ಟು ಬರುತ್ತದೆ. ಸಿಟ್ಟಿಗೆ ಮತ್ತೆ ಆ ಕಡೆ ಹೋಗಲಿಲ್ಲ. ನಿಜ ಹೇಳಬೇಕೆಂದರೆ, ಹೋದರೆ ಅವರು ಬೇರೇನಾದರೂ ಹೇಳಿಯಾರು ಎಂಬ ಭಯವೇ ಸಿಟ್ಟಿಗಿಂತ ದೊಡ್ಡದಾಗಿತ್ತು.

ಆಮೇಲೆ ಒಸಡು ಬಾತುಕೊಂಡಿತು. ಗಿರಾಕಿಗಳು ಬ್ಲೌಸು ಹಾಕಿ ನೋಡಲೆಂದು ಅಂಗಡಿಯ ಮೂಲೆಯಲ್ಲಿ ಪರದೆ ಕಟ್ಟಿ ಕನ್ನಡಿ ಇಟ್ಟಿದ್ದೇನೆ. ಮಧ್ಯಾಹ್ನ ಯಾರೂ ಇಲ್ಲದಾಗ ಪರದೆ ಎಳೆದುಕೊಂಡು, ಮೊಬೈಲಿನ ಟಾರ್ಚು ಹಚ್ಚಿ, ಕೆನ್ನೆ ಎಳೆದು ನೋಡುತ್ತಿದ್ದೆ. ಹಲ್ಲಿನ ಬುಡದಲ್ಲಿ ತೊಗರಿಕಾಳಿನಷ್ಟು ಕೆಂಪು ಗಡ್ಡೆ. ಮುಟ್ಟಿದರೆ ರಕ್ತ. ನಿನ್ನೆಗಿಂತ ದೊಡ್ಡದಾಗಿದೆಯೇ ಎಂದು ನೋಡುವುದು, ಆಗಿದೆ ಅನ್ನಿಸುವುದು, ಅಲ್ಲೇ ಸ್ಟೂಲಿನ ಮೇಲೆ ಕೂರುವುದು. ಹೊರಗೆ ಯಾರಾದರೂ ‘ಅಕ್ಕಾ’ ಎಂದು ಕರೆದರೆ ಎದ್ದು ಟೇಪು ಕೊರಳಿಗೆ ಹಾಕಿಕೊಂಡು ನಗುತ್ತಾ ಬರುವುದು. ನಮ್ಮನೆಯವರಿಗೆ ಹೇಳಲಿಲ್ಲ. ಮಗಳಿಗಂತೂ ಇಲ್ಲವೇ ಇಲ್ಲ. ಕಂಪ್ಲಿಯಲ್ಲಿರುವ ಅವ್ವನಿಗೆ ಇನ್ನೊಂದು ಮಗುವಿನ ಬಾಯಿ ನೋಡುವ ಶಕ್ತಿ ಇಲ್ಲ ಎಂದು ಅವಳ ಫೋನನ್ನೂ ಚುಟುಕಾಗಿ ಮುಗಿಸುತ್ತಿದ್ದೆ.

ಆ ದಿನಗಳಲ್ಲೇ ಅಣ್ಣನ ಹೆಂಡತಿ, ನಮ್ಮ ಗಿರಿಜಾ ಅತ್ತಿಗೆ, ಬಂದಳು. ತವರಿನ ಕಡೆ ಮದುವೆ ಇತ್ತು, ಬ್ಲೌಸು ಹೊಲಿಸಿಕೊಂಡು ಒಂದು ದಿನ ಇದ್ದು ಹೋಗುವುದೆಂದು. ಅತ್ತಿಗೆ ಮಾತು ಕಡಿಮೆ, ಕಣ್ಣು ಚುರುಕು. ಬೆಳಿಗ್ಗೆ ನಾನು ಬಚ್ಚಲಿನಿಂದ ಹೊರಗೆ ಬಂದಾಗ ಬಾಗಿಲ ಹತ್ತಿರವೇ ನಿಂತಿದ್ದಳು. ಸ್ನಾನಕ್ಕೆ ಕಾಯುತ್ತಿದ್ದಾಳೆ ಅಂದುಕೊಂಡೆ.

“ಶರಣವ್ವಾ, ಬಾಯಿ ಮುಕ್ಕಳಿಸಿದ ಮ್ಯಾಲೆ ನಳ ಭಾಳ ಹೊತ್ತು ಬಿಡ್ತಿ ನೀ,” ಎಂದಳು. “ಅವರೂ ಹಂಗ ಬಿಡ್ತಿದ್ರು.”

ಕೆಂಪು ನೀರು ಪೂರ್ತಿ ಹರಿದು ಹೋಗುವ ತನಕ ನಳ ಬಿಡುವುದು ನನಗೇ ಗೊತ್ತಿಲ್ಲದೆ ಅಭ್ಯಾಸವಾಗಿತ್ತು. ಅಣ್ಣನೂ ಹಾಗೆ ಮಾಡುತ್ತಿದ್ದನೆಂದು ನನಗೆ ಗೊತ್ತೇ ಇರಲಿಲ್ಲ. ಅವಳು ಅದನ್ನು ಆಗಲೂ ಕೇಳಿಸಿಕೊಂಡಿದ್ದಳು, ಆಗ ಯಾಕೆಂದು ವಿಚಾರಿಸಿರಲಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತೆ. ಅತ್ತಿಗೆ ಸಮಾಧಾನ ಮಾಡಲಿಲ್ಲ. ಒಲೆ ಆರಿಸಿದಳು, ಸೀರೆ ಬದಲಿಸಿದಳು, ಯಾವ ಡಾಕ್ಟರ ಹತ್ತಿರ ಹೋಗುವುದು ಎಂದು ಪಕ್ಕದ ಮನೆಯವರನ್ನು ಕೇಳಿಕೊಂಡು ಬಂದಳು. ಒಸಡಿನದೇ ಡಾಕ್ಟರಮ್ಮ ಒಬ್ಬರು ಬಳ್ಳಾರಿಯಿಂದ ವಾರಕ್ಕೊಂದು ದಿನ ಹೊಸಪೇಟೆಯ ಒಂದು ಕ್ಲಿನಿಕ್ಕಿಗೆ ಬರುತ್ತಾರಂತೆ, ಆ ದಿನ ನಾಳೆಯೇ ಅಂತೆ. ಮದುವೆಗೆ ಬರಲಾಗುವುದಿಲ್ಲ ಎಂದು ತವರಿಗೆ ಫೋನು ಮಾಡಿದಳು. ಶಿಫ್ಟು ಮುಗಿಸಿ ಬಂದ ನಮ್ಮನೆಯವರಿಗೆ, ನಾಳೆ ನಾವಿಬ್ಬರೂ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇವೆ ಎಂದಷ್ಟೇ ಹೇಳಿದಳು.

ಆ ಕ್ಲಿನಿಕ್ಕಿನ ಕಾಯುವ ಕೋಣೆ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನೀಲಿ ಕುರ್ಚಿಗಳು, ಗೋಡೆಯ ಮೇಲೆ ನಗುತ್ತಿರುವ ದಂಪತಿಯ ದೊಡ್ಡ ಚಿತ್ರ, ಒಳಗಿನಿಂದ ಗುಂಯ್ ಎನ್ನುವ ಸದ್ದು. ಎದುರಿಗೆ ಕೂತಿದ್ದ ಒಬ್ಬರು ಟವೆಲ್ಲಿನಿಂದ ಅರ್ಧ ಮುಖ ಮುಚ್ಚಿಕೊಂಡಿದ್ದರು. ಟವೆಲ್ಲಿನ ಒಳಗೆ ಏನಿದೆಯೋ ಎಂದು ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಎದ್ದು ಮನೆಗೆ ಹೋಗಿಬಿಡೋಣ ಎಂದು ಎರಡು ಸಲ ಅತ್ತಿಗೆಯ ಕಿವಿಯಲ್ಲಿ ಹೇಳಿದೆ. ಅವಳು ನನ್ನ ಸೆರಗಿನ ತುದಿ ಹಿಡಿದುಕೊಂಡು ಕೂತಿದ್ದಳು. ಚಿಕ್ಕ ಮಕ್ಕಳನ್ನು ಜಾತ್ರೆಯಲ್ಲಿ ಹಿಡಿಯುವ ಹಾಗೆ. ಆ ಹಿಡಿತ ಇರದಿದ್ದರೆ ನಾನು ಖಂಡಿತ ಎದ್ದು ಬಂದುಬಿಡುತ್ತಿದ್ದೆ.

ಡಾಕ್ಟರಮ್ಮ ನಡುವಯಸ್ಸಿನವರು. ನನ್ನನ್ನು ಒರಗಿಸಿ, ದೀಪ ಎಳೆದು, ಸುಮ್ಮನೆ ಬಹಳ ಹೊತ್ತು ನೋಡಿದರು. ಡಾಕ್ಟರು ಸುಮ್ಮನಿದ್ದಷ್ಟೂ ಜೀವ ಹಾರುತ್ತದೆ. ಆಮೇಲೆ ಹಲ್ಲಿನ ಎಕ್ಸ್‌ರೇ ಫೋಟೋ ತೆಗೆಸಿದರು. ಹಲ್ಲನ್ನು ಬಿಚ್ಚಿ ನೋಡಬೇಕು, ಸ್ಕ್ರೂ ಅಲ್ಲೇ ಇರುತ್ತದೆ, ಹೆದರಬೇಡಿ ಎಂದರು. ಒಸಡಿಗೆ ಜೋಮು ಹಿಡಿಯುವ ಸೂಜಿ ಕೊಟ್ಟು ಹಲ್ಲು ತೆಗೆದರು. ಕಿತ್ತ ಕೂಡಲೇ ಕೆಟ್ಟ ವಾಸನೆ ನನಗೇ ಬಂತು. ಚಿಮಟದಲ್ಲಿ ಒಳಗಿನಿಂದ ಏನನ್ನೋ ಎಳೆದರು. ಉದ್ದಕ್ಕೆ ಬಂತು. ಕಪ್ಪುಗೆಂಪು, ಎಳೆ ಎಳೆ.

ನನ್ನ ನರವೋ ಮಾಂಸವೋ ಕಿತ್ತು ಬಂತು ಎಂದೇ ತಿಳಿದೆ. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಡಾಕ್ಟರಮ್ಮ ಅದನ್ನು ಹತ್ತಿಯ ಮೇಲೆ ಒರೆಸಿ ದೀಪಕ್ಕೆ ಹಿಡಿದರು. “ಏನ್ರೀ ಇದು, ದಾರ ಇದ್ದಂಗ ಐತಿ. ಮೆರೂನ್ ಕಲರ್.”

ಹಲ್ಲಿನ ಹೊಟ್ಟೆಯ ಕೆಳಗೆ ಸಿಕ್ಕಿ ಹರಿದು ಉಳಿದ ನನ್ನದೇ ದಾರ. ಜೋಮು ಹಿಡಿದ ಬಾಯಲ್ಲಿ ತೊದಲುತ್ತಾ ಎಲ್ಲ ಹೇಳಿದೆ. ಮೆರೂನ್ ಯಾಕೆ ಎಂದು ಅವರು ಕೇಳಲಿಲ್ಲ. ಕೇಳಿದವಳು ನನ್ನ ಜೊತೆ ಒಳಗೆ ಬಂದಿದ್ದ ಅತ್ತಿಗೆ. ಬಿಳಿಯಲ್ಲಿ ಕಾಣುತ್ತಿತ್ತು ಎಂದೆ. ಅತ್ತಿಗೆ ಮುಖ ಆ ಕಡೆ ತಿರುಗಿಸಿಕೊಂಡಳು.

ಡಾಕ್ಟರಮ್ಮ ತೆಗೆದ ಹಲ್ಲನ್ನು ನನ್ನ ಅಂಗೈಯಲ್ಲಿ ಇಟ್ಟರು. ಕೆಳಗೆ ಸಪೂರ ಕುತ್ತಿಗೆ, ಅದರ ಮೇಲೆ ಒಮ್ಮೆಲೇ ನಾಲ್ಕೂ ಕಡೆ ಉಬ್ಬಿದ ಮೈ. ಪಫ್ ತೋಳು ನೆನಪಾಯಿತು. ಬಿಗಿ ಪಟ್ಟಿಯ ಮೇಲೆ ಬುಗ್ಗೆಯಂತೆ ಉಬ್ಬುತ್ತದಲ್ಲ, ಹಾಗೆ. “ಸ್ಕ್ರೂ ಚಲೋ ಕುಂತೈತ್ರಿ,” ಎಂದರು ಅವರು. “ಈ ಹಲ್ಲಿನ ಆಕಾರನ ಸರಿ ಇಲ್ಲ. ಒಸಡಿಗೆ ಉಸಿರಾಡಾಕ ಜಾಗ ಇಲ್ಲ. ಇದರ ಹೊಟ್ಟಿ ಕೆಳಗ ಬ್ರಷ್ ಹೋಗಂಗಿಲ್ಲ, ದಾರ ಹೋದ್ರ ಬರಂಗಿಲ್ಲ.” ನೀವು ಎಷ್ಟು ಉಜ್ಜಿದ್ದರೂ ಅಷ್ಟೇ ಆಗುತ್ತಿತ್ತು ಎಂದೂ ಹೇಳಿದರು. ಆ ಒಂದು ಮಾತಿಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು.

ಕಂಕುಳಲ್ಲಿ ಬಿಗಿ ಹೊಲಿದರೆ ಚರ್ಮ ತಿನ್ನುತ್ತದೆ ಎಂದು ಎಷ್ಟು ಗಿರಾಕಿಗಳಿಗೆ ಬೈದಿದ್ದೇನೋ ಲೆಕ್ಕವಿಲ್ಲ. ಎಷ್ಟು ಬೇಡಿದರೂ ಒಂದು ಬೆರಳು ಸಡಿಲ ಬಿಟ್ಟೇ ಹೊಲಿಯುತ್ತೇನೆ. ನನ್ನ ಬಾಯಿಗೆ ಬಂದಾಗ ಮಾತ್ರ ಬಿಗಿ ಬೇಕೆಂದು ಹಟ ಹಿಡಿದೆ.

ಇಷ್ಟಕ್ಕೆ ಮುಗಿಯಿತು ಅಂದುಕೊಂಡು ಎದ್ದು ಕೂತೆ. ಡಾಕ್ಟರಮ್ಮ ಕೈಗವಸು ತೆಗೆಯಲಿಲ್ಲ. ಗಡ್ಡೆಯ ಕಡೆ ಮತ್ತೊಮ್ಮೆ ನೋಡಿ, ಇಂಥದು ಒಸಡು ಕೆರಳಿದಾಗ ಬರುವುದುಂಟು, ಆದರೂ ಮನೆಯಲ್ಲಿ ಯಾರಿಗಾದರೂ ಬಾಯಿಯ ಕಾಯಿಲೆ ಆಗಿತ್ತೇ ಎಂದು ಕೇಳಿದರು. ನನ್ನ ಬಾಯಿಂದ ಬಂದದ್ದು ‘ಇಲ್ರೀ’ ಎಂದು. ಅಣ್ಣನಿಗೆ ಆರಾಮಿರಲಿಲ್ಲ ಎಂದು ಸೇರಿಸಿದೆ. ಅಷ್ಟು ವರ್ಷ ಹಾಗೆಯೇ ಹೇಳಿ ಹೇಳಿ ನಾಲಿಗೆ ಆ ದಾರಿಯಲ್ಲೇ ಹೊರಳಿತು.

“ಕ್ಯಾನ್ಸರ್ ಆಗಿತ್ರೀ,” ಎಂದಳು ಅತ್ತಿಗೆ, ಹಿಂದೆ ನಿಂತುಕೊಂಡು. “ಇವರ ಅಣ್ಣಗ. ನನ್ನ ಗಂಡಗ. ಬಾಯಿ ಕ್ಯಾನ್ಸರ್.”

ಆ ಶಬ್ದವನ್ನು ನಮ್ಮ ಕುಟುಂಬದ ಒಬ್ಬರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅವಳ ದನಿ ನಡುಗಲಿಲ್ಲ.

ಡಾಕ್ಟರಮ್ಮ ತಲೆಯಾಡಿಸಿ, ಹಾಗಿದ್ದರೆ ಗಡ್ಡೆಯನ್ನು ಪೂರ್ತಿ ತೆಗೆದು ಬಳ್ಳಾರಿಯ ಲ್ಯಾಬಿಗೆ ಕಳಿಸುತ್ತೇನೆ, ಅನುಮಾನ ಇಟ್ಟುಕೊಳ್ಳುವುದು ಬೇಡ ಎಂದರು. ತೆಗೆದರು. ಸಣ್ಣ ಡಬ್ಬಿಯ ನೀರಿನಲ್ಲಿ ಅದು ತೇಲುತ್ತಿತ್ತು. ಡಬ್ಬಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ನನ್ನ ಹೆಸರು. ಅಣ್ಣನ ಹೆಸರೂ ಹೀಗೇ ಒಂದು ಡಬ್ಬಿಯ ಮೇಲೆ ಇದ್ದಿರಬೇಕು ಎಂದು ಹೊಳೆಯಿತು.

ರಿಪೋರ್ಟು ಬರುವ ತನಕದ ದಿನಗಳನ್ನು ಹೇಗೆ ದಾಟಿದೆನೆಂದು ಸರಿಯಾಗಿ ನೆನಪಿಲ್ಲ. ಗಂಡನಿಗೆ ಅತ್ತಿಗೆಯೇ ಎಲ್ಲ ಹೇಳಿದಳು. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಅಂಗಡಿಗೆ ಹೋಗಿ ಮೆರೂನ್ ಉಂಡೆಗಳನ್ನು ಹುಡುಕಿ ತೆಗೆದು ಅಟ್ಟದ ಮೇಲೆ ಹಾಕಿದರು. ಮೆರೂನ್ ಬ್ಲೌಸಿನ ಆರ್ಡರು ಬಂದರೆ ಏನು ಮಾಡಲಿ ಎಂದು ಕೇಳಿದೆ. “ಇರ್ಲಿ ಬಿಡಲೇ,” ಎಂದು ಬೆನ್ನು ತಿರುಗಿಸಿ ನಿಂತರು. ಅಳುತ್ತಿದ್ದಾರೆ ಎಂದು ಭುಜದಿಂದ ಗೊತ್ತಾಯಿತು.

ಅತ್ತಿಗೆ ಕಂಪ್ಲಿಗೆ ಮರಳಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಂದು ನನ್ನ ಎದುರು ಕೂತು ಬ್ಲೌಸುಗಳಿಗೆ ಹೆಮ್ಮಿಂಗ್ ಹಾಕುತ್ತಿದ್ದಳು. ಹೊಲಿಗೆ ಸೊಟ್ಟ, ಅವಳು ಎದ್ದು ಹೋದಾಗ ನಾನು ಬಿಚ್ಚಿ ಮತ್ತೆ ಹಾಕುತ್ತಿದ್ದೆ. ಮಜ್ಜಿಗೆ ಅನ್ನ ಕಲಸಿ ಕೊಡುತ್ತಿದ್ದಳು. ಒಂದು ಮಧ್ಯಾಹ್ನ ತಾನಾಗಿಯೇ ಅಣ್ಣನ ವಿಷಯ ತೆಗೆದಳು. ನಳದ ಸದ್ದು ಕೇಳಿ ಕೇಳಿ ಅವನು ನೀರು ದಂಡ ಮಾಡುತ್ತಾನೆಂದು ಜಗಳವಾಡಿದ್ದಳಂತೆ. ಅವನು ನಕ್ಕು ಸುಮ್ಮನಾಗಿದ್ದನಂತೆ. ಇಷ್ಟು ಹೇಳಿ ಸೂಜಿಗೆ ದಾರ ಪೋಣಿಸಲು ನೋಡಿದಳು, ಆಗಲಿಲ್ಲ, ನನ್ನ ಕೈಗೆ ಕೊಟ್ಟಳು. ನನ್ನಿಂದಲೂ ಆಗಲಿಲ್ಲ. ಇಬ್ಬರೂ ಆ ಸೂಜಿಯನ್ನು ಹಾಗೇ ಇಟ್ಟುಬಿಟ್ಟೆವು.

ಫೋನು ಬಂದಾಗ ನಾನು ಬ್ಲೌಸಿನ ಒಂದು ತೋಳು ಕತ್ತರಿಸುತ್ತಿದ್ದೆ. ಡಾಕ್ಟರಮ್ಮನೇ ಮಾಡಿದ್ದರು. “ಏನೂ ಇಲ್ರೀ. ಕ್ಯಾನ್ಸರ್ ಅಲ್ಲ. ಬರೇ ಕೆರಳಿದ ಒಸಡು.” ನಾನು ಆಯ್ತ್ರೀ ಆಯ್ತ್ರೀ ಎಂದು ಫೋನು ಇಟ್ಟು, ಕತ್ತರಿಸುತ್ತಿದ್ದ ತೋಳನ್ನು ಪೂರ್ತಿ ಕತ್ತರಿಸಿ ಮಡಚಿಟ್ಟು, ಆಮೇಲೆ ನೆಲದ ಮೇಲೆ ಕೂತೆ. ಆ ತೋಳು ಗಿಡ್ಡವಾಗಿ ಬಟ್ಟೆ ಹಾಳಾಗಿತ್ತೆಂದು ಸಂಜೆ ಗೊತ್ತಾಯಿತು. ಗಿರಾಕಿಗೆ ಹೊಸ ಬಟ್ಟೆ ತಂದುಕೊಟ್ಟೆ, ಯಾಕೆಂದು ಹೇಳಲಿಲ್ಲ.

ಒಸಡು ಇಳಿಯಲು ಸಮಯ ಹಿಡಿಯಿತು. ಇಳಿದ ಮೇಲೆ ಹೊಸ ಹಲ್ಲು ಬಂತು, ಮೊದಲಿನದಕ್ಕಿಂತ ಸಪೂರ, ಬುಡದಲ್ಲಿ ಒಳಕ್ಕೆ ಎಳೆದದ್ದು, ಎರಡೂ ಬದಿ ಸಂದು ಬಿಟ್ಟದ್ದು. ಟ್ರಯಲಿನಲ್ಲಿ ನಾಲಿಗೆ ಆ ಸಂದಿಗೆ ಹೋಯಿತು. ಬಾಯಿ ಮುಚ್ಚಿಕೊಂಡು ಕೂತೆ. ಈಗ ರೊಟ್ಟಿ ಸಿಕ್ಕಿಕೊಳ್ಳುತ್ತದೆ, ಪ್ರತಿ ಊಟಕ್ಕೂ ಸಿಕ್ಕಿಕೊಳ್ಳುತ್ತದೆ. ಶೀಷೆ ತೊಳೆಯುವ ಬ್ರಷಿನ ಮರಿಯಂಥ ಒಂದು ಪುಟ್ಟ ಬ್ರಷ್ಷು ಕೊಟ್ಟಿದ್ದಾರೆ, ಮದುವೆ ಮನೆಗೂ ಪರ್ಸಿನಲ್ಲಿ ಒಯ್ಯುತ್ತೇನೆ. ಹಲ್ಲಿಗೆಂದೇ ಇರುವ ಬಿಳಿ ದಾರವೂ ಈಗ ಸರಾಗವಾಗಿ ಹೋಗಿ ಬರುತ್ತದೆ. ಆದರೆ ಸ್ಕ್ರೂವಿನ ಸುತ್ತ ಎಲುಬು ಸ್ವಲ್ಪ ತಿಂದುಹೋಗಿದೆ, ಅದು ಮರಳಿ ಬರುವುದಿಲ್ಲ, ನಿಂತ ಹಾಗೆ ನಿಲ್ಲಿಸಿಕೊಳ್ಳಬೇಕು ಎಂದಿದ್ದಾರೆ. ಆಗಾಗ ಫೋಟೋ ತೆಗೆಸಬೇಕು. ಆ ನೀಲಿ ಕುರ್ಚಿಗಳಲ್ಲಿ ಕೂರುವ ಹಿಂದಿನ ದಿನ ಈಗಲೂ ಊಟ ಸೇರುವುದಿಲ್ಲ. ಭಯ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಅತ್ತಿಗೆ ಕಂಪ್ಲಿಗೆ ಹೋದ ಮರುದಿನದಿಂದ ಬೆಳಿಗ್ಗೆ ಫೋನು ಮಾಡುತ್ತಾಳೆ. ಹೇಗಿದ್ದೀ ಎಂದು ಕೇಳುವುದಿಲ್ಲ. “ಯಾವ ಬಣ್ಣ?” ಎನ್ನುತ್ತಾಳೆ. “ಬಿಳಿ,” ಎನ್ನುತ್ತೇನೆ. ಆಮೇಲೆ ಅವ್ವನ ಮಂಡಿನೋವು, ಗಿರಣಿಯ ಸುದ್ದಿ.

ಕಳೆದ ವಾರ ಒಂದು ಬೆಳಿಗ್ಗೆ ದಾರ ತೆಗೆದು ನೋಡಿದರೆ ತುದಿಯಲ್ಲಿ ನಸುಗೆಂಪು. ಹಿಂದಿನ ದಿನ ಎಲ್ಲಿಗೂ ಹೋಗಿರಲಿಲ್ಲ, ಧೂಳು ಎನ್ನುವ ಹಾಗೂ ಇರಲಿಲ್ಲ. ಕೈ ತಾನಾಗಿಯೇ ನಳ ತಿರುಗಿಸಿತು. ಅಷ್ಟರಲ್ಲಿ ಫೋನು ಬಂತು.

“ಯಾವ ಬಣ್ಣ?”

ಬಿಳಿ ಎನ್ನುವುದು ಬಾಯಿಯ ತುದಿಗೆ ಬಂದಿತ್ತು. “ಸ್ವಲ್ಪ ಕೆಂಪೈತಿ, ಅತ್ತಿಗಿ,” ಎಂದೆ.

ಅವಳಿಗೆ ನನ್ನ ಹಿಂದಿನ ನೀರಿನ ಸದ್ದು ಕೇಳಿಸಿರಬೇಕು.

“ನಳ ಬಂದ್ ಮಾಡು,” ಎಂದಳು. “ಬಸ್ಸಿಗೆ ಹೊಂಟೀನಿ, ನಾ ಬರ್ತೀನಿ.”

ನಳ ಬಂದ್ ಮಾಡಿದೆ.